ಕ್ಯಾರಿಯರ್ ಮೇಲಿನ ಮರೂನ್ ಕೋಟು

“ಎಡಕ್ಕೆ ತಿರುಗ್ತಾ ಇದೀನಿ, ಗಟ್ಟಿಯಾಗಿ ಹಿಡ್ಕೋ,” ಎಂದು ದರ್ಜಿ ತಲೆ ತಿರುಗಿಸದೆಯೇ ಹಿಂದಕ್ಕೆ ಹೇಳಿದ. ಗಂಟೆ ಬಾರಿಸಿದ. ಎಡಗೈ ಚಾಚಿದ. ಸೈಕಲ್ಲು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮೂಲೆ ದಾಟಿ ಇಳಿಜಾರಿಗೆ ಬಂತು.

“ನೋಡಿದ್ಯಾ? ಭಾರಾನೇ ಗೊತ್ತಾಗ್ಲಿಲ್ಲ. ಡಬಲ್ ಸವಾರಿ ಅಂದ್ರೆ ಎಲ್ಲಾ ಹಿಂದೆ ಕೂತೋರ ಕೈಲಿರುತ್ತೆ ಅಂತಾರೆ ಜನ. ಸುಳ್ಳು. ಎಲ್ಲಾ ಮುಂದೆ ಇರೋನ ಸೊಂಟದಲ್ಲಿರೋದು.”

ಹಿಂದಿನಿಂದ ಉತ್ತರ ಬರಲಿಲ್ಲ. ಬರಬೇಕೆಂದು ದರ್ಜಿಯೂ ಕಾಯಲಿಲ್ಲ. ಅವನು ಆಗಲೇ ಕಾಲರಿನ ವಿಷಯಕ್ಕೆ ಹೋಗಿದ್ದ. ಕಾಲರಿನೊಳಗೆ ಹಾಕುವ ಗಟ್ಟಿ ಬಟ್ಟೆಯನ್ನು ಅಡ್ಡಡ್ಡ ಕತ್ತರಿಸುವವರು ಮನುಷ್ಯರೇ ಅಲ್ಲ ಎಂಬುದು ಅವನ ಅಭಿಪ್ರಾಯ. ಆ ಅಭಿಪ್ರಾಯಕ್ಕೆ ಆಧಾರಗಳು ನಾಲ್ಕು. ಮೂರನೆಯದು ಮುಗಿಯುವ ಹೊತ್ತಿಗೆ ಅಂಗಡಿ ಬಂತು. ಬ್ರೇಕು ಹಿಡಿದು, ಎರಡೂ ಕಾಲು ನೆಲಕ್ಕೂರಿ, “ಹೂಂ, ಇಳಿ,” ಎಂದ.

ಎದುರಿನ ಕ್ಷೌರದಂಗಡಿಯವನು ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದವನು ಬ್ರಷ್ಷನ್ನು ಗಾಳಿಯಲ್ಲೇ ನಿಲ್ಲಿಸಿ ಕೇಳಿದ: “ಯಾರಿಗ್ರೀ ಇಳಿ ಅಂತಿರೋದು?”

ದರ್ಜಿ ತಿರುಗಿ ನೋಡಿದ. ಕ್ಯಾರಿಯರ್ ಖಾಲಿ. ಅವನ ಸೊಂಟಕ್ಕೆ ಸುತ್ತಿದ್ದ ಅಳತೆ ಟೇಪಿನ ತುದಿ ಮಾತ್ರ ಬಾಲದಂತೆ ನೇತಾಡುತ್ತಿತ್ತು. ಐವತ್ತೆಂಟು, ಐವತ್ತೊಂಬತ್ತು, ಅರವತ್ತು.

“ನಿನ್ನೆ ಮೊನ್ನೆಯೆಲ್ಲಾ ಹಿಂದೆ ಒಬ್ರು ಮೇಡಂ ಇರ್ತಿದ್ರಲ್ಲ,” ಎಂದ ಕ್ಷೌರಿಕ. “ಮರೂನ್ ಕೋಟು. ಹೆಲ್ಮೆಟ್ಟು. ನಿಮ್ಮ ಸೊಂಟ ತಬ್ಕೊಂಡು. ನಾನು ನೋಡಿಲ್ಲ ಅಂದ್ಕೊಂಡ್ರಾ? ನೋಡ್ದೆ. ಹೇಳ್ಲಿಲ್ಲ. ನನ್ನ ಹೆಂಡ್ತಿಗೆ ಒಬ್ಬಳಿಗೆ ಬಿಟ್ರೆ ಯಾರಿಗೂ ಹೇಳ್ಲಿಲ್ಲ.”

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಇಲ್ಲದಿದ್ದರೆ ಓದುವವರೂ ಕ್ಷೌರಿಕನ ಪಕ್ಷ ಸೇರಿಬಿಟ್ಟಾರು. ಮರೂನ್ ಕೋಟಿನವಳು ಗೊಂಬೆ. ದರ್ಜಿಯ ಅಂಗಡಿಯ ಕಿಟಕಿಯಲ್ಲಿ ಆರು ವರ್ಷ ನಿಂತಿದ್ದ, ಸೊಂಟದವರೆಗೆ ಮಾತ್ರ ಇದ್ದ, ತಲೆ ಮುರಿದ ಗೊಂಬೆ. ಅದಕ್ಕೆ ಹಳೇ ಪ್ಯಾಂಟಿಗೆ ಚಿಂದಿ ತುಂಬಿ ಕಾಲು ಮಾಡಿದ್ದ. ಹೊಟ್ಟೆಗೆ ಮರಳು ತುಂಬಿದ್ದ. ಎಷ್ಟು ಮರಳು ಎಂಬುದು ಕಷ್ಟದ ಪ್ರಶ್ನೆಯಾಗಿತ್ತು. ಹೆಂಡತಿಯ ಎದೆಸುತ್ತು, ತೋಳುದ್ದ, ಬೆನ್ನಗಲ ಎಲ್ಲವೂ ಅವನಿಗೆ ನಿದ್ದೆಯಲ್ಲಿ ಕೇಳಿದರೂ ಬಾಯಿಪಾಠ. ತೂಕ ಮಾತ್ರ ತಿಳಿಯದು. ಅದನ್ನು ಕೇಳಿ ಬದುಕಿದ ಗಂಡಂದಿರನ್ನು ಅವನು ಕಂಡಿರಲಿಲ್ಲ. ಆದ್ದರಿಂದ ಅಂದಾಜಿನ ಮೇಲೆ ತುಂಬಿ, ಕುತ್ತಿಗೆಗೆ ಹೆಲ್ಮೆಟ್ಟು ಸಿಕ್ಕಿಸಿ, ಎರಡು ಕೈಗಳನ್ನೂ ತನ್ನ ಸೊಂಟದ ಸುತ್ತ ತಂದು ಹಳೇ ಅಳತೆ ಟೇಪಿನಿಂದ ಗಂಟು ಹಾಕಿಕೊಂಡು, ಹನ್ನೊಂದು ದಿನಗಳಿಂದ ಯಾರಿಗೂ ಹೇಳದೆ ಡಬಲ್ ಸವಾರಿ ಕಲಿಯುತ್ತಿದ್ದ.

ನಲವತ್ತೆಂಟನೇ ವಯಸ್ಸಿಗೆ ಈ ವಿದ್ಯೆ ಯಾಕೆ ಬೇಕಾಯಿತು ಎಂದರೆ, ಹೆಂಡತಿಯ ಮಂಡಿ. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಡೀ ದಿನ ನಿಂತು ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುವವಳು. ಮೊದಲು ಹನ್ನೆರಡನೇ ನಂಬರ್ ಬಸ್ಸಿತ್ತು. ಅದರ ಡ್ರೈವರ್ ಅವಳ ಸ್ವಂತ ಅಣ್ಣ. ಈಗ ಆ ದಾರಿಯಲ್ಲಿ ಬಸ್ಸು ನಿಲ್ಲಿಸಿ ತಾನೇ ಓಡುವ ಕಾರುಗಳನ್ನು ಬಿಟ್ಟಿದ್ದಾರೆ. ಓಣಿಯವರು ಅದಕ್ಕಿಟ್ಟ ಹೆಸರು ‘ಹೊಸ ಅಳಿಯ’. ಸದ್ದಿಲ್ಲದೆ ಬರುತ್ತದೆ, ಬಾಗಿಲ ಮುಂದೆ ನಿಲ್ಲುತ್ತದೆ, ಯಾರು ಅಡ್ಡ ಬಂದರೂ ತಗ್ಗಿ ಬಗ್ಗಿ ಕಾಯುತ್ತದೆ, ಹಾರ್ನ್ ಅಂತೂ ಹೊಡೆಯುವುದೇ ಇಲ್ಲ. ಎಲ್ಲರೂ ಹತ್ತಿದರು, ದರ್ಜಿಯ ಹೆಂಡತಿ ಹತ್ತಲಿಲ್ಲ. “ಬೈಯೋಕೆ ಮುಂದೆ ಒಬ್ಬನೂ ಇಲ್ದೇ ಇರೋ ಗಾಡೀಲಿ ಹೇಗ್ರೀ ಕೂರೋದು?” ಎಂದು ನಡೆದೇ ಹೋಗುತ್ತಿದ್ದಳು. ಸಂಜೆ ಬಂದು ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು, ನೋಯುತ್ತಿಲ್ಲ ಎನ್ನುತ್ತಿದ್ದಳು.

ಗಂಡನ ಸೈಕಲ್ಲಿತ್ತು. ಆದರೆ ಅದರ ಕ್ಯಾರಿಯರ್ ಮೇಲೆ ಅವಳು ಕೂತದ್ದು ಒಮ್ಮೆಯೇ, ಮದುವೆಯಾದ ತಿಂಗಳು. ಚಿಕ್ಕಮ್ಮನ ಮನೆಗೆ ಹೊರಟಿದ್ದರು. ಮೋರಿಯ ಹತ್ತಿರ ಗುಂಡಿಗೆ ಚಕ್ರ ಇಳಿದು ಅವಳು ಬಿದ್ದಳು. ಕೋಟಿನ ಒಳಜೇಬು ಯಾಕೆ ಎಡಕ್ಕೇ ಇರಬೇಕು ಎಂದು ವಿವರಿಸುತ್ತಿದ್ದ ದರ್ಜಿ ವಿವರಿಸುತ್ತಲೇ ಮುಂದೆ ಹೋದ. ಒಂದೂವರೆ ಮೈಲಿ ಹೋದ. ಚಿಕ್ಕಮ್ಮ ಬಾಗಿಲು ತೆಗೆದಾಗ ಹಲ್ಲು ಕಿರಿದು, “ಅಂತೂ ಇಬ್ರೂ ಬಂದ್ವಿ,” ಎಂದ. ಚಿಕ್ಕಮ್ಮ ಅವನ ಹಿಂದೆ, ಮುಂದೆ, ಬೀದಿಯ ಎರಡೂ ಕಡೆ ನೋಡಿ, “ಇಬ್ರೂ ಅಂದ್ರೆ ಯಾರ್‍ಯಾರಪ್ಪಾ?” ಎಂದಳು.

ಮೊಣಕೈ ಗಾಯ ನಾಲ್ಕು ದಿನದಲ್ಲಿ ಮಾಯಿತು, ಅವಳು ಮಾತ್ರ ಮತ್ತೆ ಹತ್ತಲಿಲ್ಲ. “ಬಿದ್ದಿದ್ದಕ್ಕಲ್ಲ,” ಎಂದು ಹೆಂಡತಿ ಇಪ್ಪತ್ತೆರಡು ವರ್ಷಗಳಿಂದ ಹೇಳುತ್ತ ಬಂದಿದ್ದಾಳೆ. “ಬಿದ್ದಿದ್ದು ಗೊತ್ತೇ ಆಗ್ಲಿಲ್ವಲ್ಲ, ಅದಕ್ಕೆ.” ಅದಕ್ಕೇ ದರ್ಜಿಗೆ ಎರಡು ವಿದ್ಯೆ ಬೇಕಿತ್ತು: ಬೀಳಿಸದೇ ಇರುವುದು, ಮತ್ತು ಮಾತಾಡುತ್ತಲೇ ಬೆನ್ನ ಹಿಂದೆ ಯಾರೋ ಇದ್ದಾರೆ ಎಂಬ ನೆನಪಿರುವುದು. ಇವತ್ತು ಎರಡರಲ್ಲೂ ಅವನು ಫೇಲಾಗಿದ್ದ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿಯ ಅಣ್ಣ, ಭಾವ.

“ಏನಯ್ಯಾ,” ಎಂದರು ಭಾವ. ಮೂವತ್ತು ವರ್ಷ ಬಸ್ಸಿನ ಇಂಜಿನ್ನಿನ ಮೇಲೆ ಮಾತಾಡಿದವರ ಗಂಟಲು. ಕ್ಷೌರಿಕನಿಗೆ ಫೋನು ಕಿವಿಗಿಟ್ಟುಕೊಳ್ಳುವ ಅಗತ್ಯವಿರಲಿಲ್ಲ. “ಮನೆಗೆ ಕಾರು ಫೋನ್ ಮಾಡಿತ್ತು.”

“ಯಾವ ಕಾರು ಭಾವ?”

“ಯಾವ ಕಾರು ಅಂತೀಯಾ! ನನ್ನ ಅನ್ನ ಕಿತ್ಕೊಂಡಿದ್ಯಲ್ಲ, ಅದು. ಈ ಕಾರು ಬಂದ್ಮೇಲೆ ಸೈಕಲ್ಲಿಗೂ ನಂಬರ್ ಅಂಟಿಸಿದ್ರಲ್ಲ, ಅದನ್ನ ನೋಡಿ ನಿನ್ನ ಮನೆ ಫೋನ್ ನಂಬರ್ ಹುಡ್ಕಿದೆ ಅದು. ‘ನಿಮ್ಮ ಮನೆಯ ಸೈಕಲ್ಲಿನಿಂದ ಮಹಿಳೆಯೊಬ್ಬರು ಬಿದ್ದಿದ್ದಾರೆ. ಸವಾರರು ನಿಲ್ಲಿಸಲಿಲ್ಲ’ ಅಂತು. ಎಷ್ಟು ಮರ್ಯಾದೆಯಿಂದ ಹೇಳ್ತು ಅಂತೀಯಾ! ನಿನ್ನ ಹೆಂಡ್ತಿ ಇಲ್ಲಿ ನನ್ನ ಎದುರಿಗೇ ಕೂತಿದಾಳೆ, ಕಾಲು ಬಕೆಟ್ನಲ್ಲಿಟ್ಕೊಂಡು. ಹಾಗಾದ್ರೆ ಬಿದ್ದೋರು ಯಾರು?”

ದರ್ಜಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. “ಅವಳು ಏನಂದ್ಲು?”

“ಏನೂ ಅನ್ಲಿಲ್ಲ. ಕಾಲು ಒರೆಸ್ಕೋತಾ ಇದಾಳೆ. ಬರ್ತಾ ಇದೀವಿ.”

ಬೈದಿದ್ದರೆ ಬೇಕಾದಷ್ಟಾಗುತ್ತಿತ್ತು. ಒಂದು ಮಾತೂ ಆಡದೆ ಕಾಲು ಒರೆಸಿಕೊಳ್ಳುವ ಹೆಂಡತಿಯ ಚಿತ್ರ ಕಣ್ಣಿಗೆ ಕಟ್ಟಿ ದರ್ಜಿ ಸೈಕಲ್ಲು ತಿರುಗಿಸಿ ಏರು ಹತ್ತಿದ. ಕ್ಷೌರಿಕ ಹಿಂದೆ ಓಡಿದ. ಅರ್ಧ ನೊರೆಯ ಗಿರಾಕಿ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡೇ, ಕ್ಷೌರಿಕನ ಹಿಂದೆ ಓಡಿದ.

ಮೂಲೆಯಲ್ಲಿ ರಸ್ತೆ ಕಟ್ಟಿಹೋಗಿತ್ತು. ಹೊಸ ಅಳಿಯ ರಸ್ತೆಗೆ ಅಡ್ಡವಾಗಿ ನಿಂತು, ನಾಲ್ಕೂ ಮೂಲೆಯ ದೀಪ ಮಿಟುಕಿಸುತ್ತಿತ್ತು. ಅದರ ಮುಂದೆ, ಸರಿಯಾಗಿ ಹನ್ನೆರಡು ಅಡಿ ದೂರದಲ್ಲಿ, ಮರೂನ್ ಕೋಟಿನವಳು ಬೋರಲು ಬಿದ್ದಿದ್ದಳು. ಯಾರಾದರೂ ಒಂದು ಹೆಜ್ಜೆ ಮುಂದಿಟ್ಟರೆ ಕಾರು ಮೃದುವಾಗಿ ಹೇಳುತ್ತಿತ್ತು: “ದಯವಿಟ್ಟು ಗಾಯಾಳುವನ್ನು ಅಲುಗಾಡಿಸಬೇಡಿ. ಸಹಾಯ ಬರುತ್ತಿದೆ.” ಹಿಂದೆ ನಿಂತ ಲಾರಿಗಳು ಕೂಗಿದವು, ಜನ ಬೈದರು, ಯಾರೋ ಬಾನೆಟ್ಟಿಗೆ ಗುದ್ದಿದರು. ಕಾರು ಕದಲಲಿಲ್ಲ. ಆ ಊರಿನಲ್ಲಿ ಒಬ್ಬ ಹೆಂಗಸಿಗಾಗಿ ಅಷ್ಟು ಹೊತ್ತು, ಅಷ್ಟು ಬೈಗುಳ ತಿಂದುಕೊಂಡು, ಯಾವ ಗಂಡೂ ನಿಂತ ದಾಖಲೆಯಿಲ್ಲ.

ಕಾರಿಗಿಂತ ಉತ್ಸಾಹದಲ್ಲಿದ್ದವರು ರಸ್ತೆ ಸುರಕ್ಷತಾ ಅಧಿಕಾರಿ. ತಾನೇ ಓಡುವ ಕಾರೂ ಸೈಕಲ್ಲೂ ಒಂದೇ ರಸ್ತೆಯಲ್ಲಿ ಕ್ಷೇಮವಾಗಿ ಬಾಳಬಹುದೇ ಎಂದು ವರದಿ ಬರೆಯಲು ಅವರಿಗೆ ಹೇಳಿ ಎರಡು ತಿಂಗಳಾಗಿತ್ತು. ಎರಡು ತಿಂಗಳೂ ಒಂದೇ ಒಂದು ಅಪಘಾತ ಆಗದೆ ಅವರ ಮುಖ ಬಾಡಿಹೋಗಿತ್ತು. ಈಗ ರಟ್ಟಿನ ಮೇಲೆ ಫಾರಂ ಸಿಕ್ಕಿಸಿಕೊಂಡು ಮದುವೆ ಮನೆಯ ಯಜಮಾನರಂತೆ ಓಡಾಡುತ್ತಿದ್ದರು.

“ಸವಾರ ನೀವೇನಾ? ಬನ್ನಿ, ಬನ್ನಿ. ಬಿದ್ದಿರೋರು ನಿಮಗೆ ಏನಾಗಬೇಕು?”

ನಿಜ ಹೇಳಿದರೆ ಹನ್ನೊಂದು ದಿನದ ಗುಟ್ಟು ಇಡೀ ಬೀದಿಯ ಮುಂದೆ ಬಯಲು. ದರ್ಜಿ ಗಂಟಲು ಸರಿಮಾಡಿಕೊಂಡ. “ಏನೂ ಆಗ್ಬೇಕಿಲ್ಲ ಸಾರ್. ಅಂಗಡಿಯಲ್ಲಿರೋದು.”

“ಹೆಸರು?”

“ಇಟ್ಟಿಲ್ಲ ಸಾರ್.”

ಕ್ಷೌರಿಕ ಗಿರಾಕಿಯ ಕಡೆ ನೋಡಿದ. ಗಿರಾಕಿ ಆಕಾಶದ ಕಡೆ ನೋಡಿದ.

“ಉಸಿರಾಡ್ತಾ ಇದಾರಾ ನೋಡೋಣ ಅಂದ್ರೆ ಈ ಕಾರು ಹತ್ತಿರ ಬಿಡ್ತಿಲ್ಲ,” ಎಂದರು ಅಧಿಕಾರಿ.

“ಉಸಿರಾಡಲ್ಲ ಸಾರ್,” ಎಂದ ದರ್ಜಿ, ಸಮಾಧಾನ ಹೇಳುವ ದನಿಯಲ್ಲಿ.

ಗುಂಪು ಹಿಂದೆ ಸರಿಯಿತು. ಅಧಿಕಾರಿಯ ಪೆನ್ನು ನಿಂತಿತು. “ಯಾವಾಗ್ಲಿಂದ?”

“ಮೊದಲಿಂದ್ಲೂ.”

“ಏನೋ ಸುರೀತಾ ಇದೆ! ಹೊಟ್ಟೆಯಿಂದ ಸುರೀತಾ ಇದೆ!” ಎಂದು ಗಿರಾಕಿ ಕಿರುಚಿದ. ಒಬ್ಬರು ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ಸ್ಕೂಟರಿನಲ್ಲಿ ಬಂದಿಳಿದ ಕಾರು ಕಂಪನಿಯ ಎಂಜಿನಿಯರಮ್ಮ ಕೈಯಲ್ಲಿದ್ದ ಪರದೆ ಒತ್ತಿ ಕಾರನ್ನು ಸುಮ್ಮನಾಗಿಸಿ, ನೇರ ಹೋಗಿ ಮರೂನ್ ಕೋಟಿನವಳ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಸುರಿದದ್ದನ್ನು ಬೆರಳಿಗೆ ಹಚ್ಚಿ ನೋಡಿದಳು.

“ಮರಳು,” ಎಂದಳು. “ಇದು ಗೊಂಬೆ.”

ಕ್ಷೌರಿಕನ ಮುಖ ನೋಡಲಾಗುತ್ತಿರಲಿಲ್ಲ. ಹನ್ನೊಂದು ದಿನ ಜೋಪಾನ ಮಾಡಿದ್ದ ಸುದ್ದಿ ಅವನ ಕಣ್ಣೆದುರೇ ಸತ್ತಿತ್ತು. ಅಧಿಕಾರಿ ಫಾರಂ ನೋಡಿದರು. ಗಾಯಾಳುವಿನ ವಯಸ್ಸು, ಗಾಯಾಳುವಿನ ಉದ್ಯೋಗ ಎಂಬ ಎರಡು ಖಾನೆ ತುಂಬಿಯಾಗಿತ್ತು.

ಆಗ ಬಂದರು ಭಾವ. ಅವರ ಹಿಂದೆ, ಒಂದು ಕೈಯಲ್ಲಿ ಗೋಡೆ ಹಿಡಿದು, ಮೆಟ್ಟಿಲಿಳಿಯುವವರಂತೆ ಪಕ್ಕಪಕ್ಕಕ್ಕೆ ಹೆಜ್ಜೆಯಿಡುತ್ತ, ದರ್ಜಿಯ ಹೆಂಡತಿ.

“ಎಲ್ಲಿ ಅವಳು?” ಎಂದು ಗುಡುಗಿದರು ಭಾವ. ತೋರಿಸಿದರು. ಭಾವ ನೋಡಿದರು, ಇನ್ನೊಮ್ಮೆ ನೋಡಿದರು, ಮತ್ತು ಮೂವತ್ತು ವರ್ಷದ ಅಭ್ಯಾಸದಿಂದ ಒಂದೇ ಏಟಿಗೆ ಗೇರು ಬದಲಿಸಿದರು. “ಗೊಂಬೆ ಯಾವುದು ಮನುಷ್ಯರು ಯಾರು ಅಂತ ಗೊತ್ತಾಗ್ದಿರೋ ಕಾರು! ಇದನ್ನ ಸೈಕಲ್ಲಿನವರ ಮಧ್ಯೆ ಬಿಟ್ಟಿದೀರಲ್ಲ, ನಾಳೆ ಮನುಷ್ಯರನ್ನೇ ಗೊಂಬೆ ಅಂದ್ಕೊಂಡ್ರೆ? ನಾನಾಗಿದ್ರೆ ಅರ್ಧ ಫರ್ಲಾಂಗ್ ದೂರದಿಂದ್ಲೇ ಗೊಂಬೆ ಅಂತ ಹೇಳ್ತಿದ್ದೆ.”

“ಹೇಳಿ ಏನ್ ಮಾಡ್ತಿದ್ರಿ ಸರ್?” ಎಂದಳು ಎಂಜಿನಿಯರಮ್ಮ.

“ಏನ್ ಮಾಡೋದು? ಗೊಂಬೆಗೆ ಯಾರಾದ್ರೂ ನಿಲ್ಲಿಸ್ತಾರಾ?”

“ಇದು ನಿಲ್ಲಿಸ್ತು. ಅನುಮಾನ ಬಂದ್ರೆ ಮನುಷ್ಯರು ಅಂದ್ಕೊಳ್ಳುತ್ತೆ.”

ಭಾವ ಕಾರಿನ ಟೈರನ್ನು ಕಾಲಿನಿಂದ ಒತ್ತಿ, “ಗಾಳಿ ಕಮ್ಮಿ ಇದೆ,” ಎಂದರು.

ಎಂಜಿನಿಯರಮ್ಮ ಪರದೆ ನೋಡುತ್ತ ಮುಂದುವರಿಸಿದಳು. “ಇವರು ಹನ್ನೊಂದು ದಿನದಿಂದ ಕಾರಿಗೆ ಗೊತ್ತು. ಮೊದಲನೇ ದಿನ ಆರಡಿ ಬಿಟ್ಕೊಂಡು ಹೋಗಿದೆ. ಆಮೇಲೆ ಇಲ್ಲಿ ಒಂದು ಟಿಪ್ಪಣಿ ಇದೆ: ‘ಈ ಸವಾರರು ಮಾತನಾಡುವಾಗ ಬಲಕ್ಕೆ ವಾಲುತ್ತಾರೆ. ಸದಾ ಮಾತನಾಡುತ್ತಾರೆ. ಅಂತರ ಹನ್ನೆರಡು ಅಡಿ.’”

ಬೀದಿ ನಕ್ಕಿತು. ದರ್ಜಿ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಅವನ ಕಣ್ಣು ಹೆಂಡತಿಯ ಮೇಲಿತ್ತು. ಅವಳು ನಗಲಿಲ್ಲ. ಅಧಿಕಾರಿ ಮುಟ್ಟಬೇಡಿ ಎನ್ನುವ ಮೊದಲೇ ಕಷ್ಟಪಟ್ಟು ಬಗ್ಗಿ, ಗೊಂಬೆಯನ್ನು ಅಂಗಾತ ಮಾಡಿ, ಕೋಟಿನ ಧೂಳು ಕೊಡವಿದಳು. ಕಾಲರ್ ಮುಟ್ಟಿದಳು. ಹೊಲಿಗೆ ನೋಡಿದಳು. ಆಮೇಲೆ ಎರಡೂ ಭುಜಗಳ ಮೇಲೆ ಬೆರಳಾಡಿಸಿ ಬಲಭುಜದ ಮೇಲೆ ನಿಂತಳು.

ಬಲಭುಜ ಮುಕ್ಕಾಲು ಇಂಚು ತಗ್ಗಿತ್ತು. ಅದು ತಪ್ಪಲ್ಲ. ಇಪ್ಪತ್ತು ವರ್ಷ ಭಾರದ ಇಸ್ತ್ರಿಪೆಟ್ಟಿಗೆಯನ್ನು ಬಲಗೈಯಿಂದ ಒತ್ತಿ ಒತ್ತಿ ಇಳಿದ ಭುಜಕ್ಕೆ ಅಷ್ಟು ತಗ್ಗಿಸಿ ಕತ್ತರಿಸದಿದ್ದರೆ ಕೋಟು ಬೆನ್ನಲ್ಲಿ ನೆರಿಗೆ ಬೀಳುತ್ತದೆ. ಅಂಥ ಭುಜ ಆ ಬೀದಿಯಲ್ಲಿ ಒಬ್ಬಳಿಗೇ ಇತ್ತು. ತನಗೆ ಹಾಗಿದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಯಾರೂ ಕಂಡಿಲ್ಲ ಎಂದುಕೊಂಡಿದ್ದಳು.

“ರೀ,” ಎಂದಳು.

“ಹೂಂ.”

“ಇವಳು ಬಿದ್ದಿದ್ದು ಯಾವಾಗ ಗೊತ್ತಾಯ್ತು?”

ಸುಳ್ಳು ಹೇಳಲು ಇಡೀ ಬೀದಿ ಕಣ್ಣಲ್ಲೇ ಅವನಿಗೆ ಸನ್ನೆ ಮಾಡಿತು. ಕ್ಷೌರಿಕ ಕೂಡ ‘ಕೂಡಲೇ’ ಎಂದು ತುಟಿಯಲ್ಲಿ ಹೇಳಿಕೊಟ್ಟ. ದರ್ಜಿಗೆ ಅದು ತಿಳಿಯಲಿಲ್ಲ. “ಅಂಗಡಿ ಮುಟ್ಟಿದ್ ಮೇಲೆ,” ಎಂದ. “ಇಳಿ ಅಂದೆ. ಇಳೀಲಿಲ್ಲ.”

ಹೆಂಡತಿ ಮೂಲೆಯಿಂದ ಅಂಗಡಿಯವರೆಗಿನ ಇಳಿಜಾರನ್ನು ಕಣ್ಣಿನಲ್ಲೇ ಅಳೆದಳು. “ಇನ್ನೂರು ಗಜ ಇರಬಹುದು,” ಎಂದಳು. “ಹೋದ ಸಲಕ್ಕಿಂತ ವಾಸಿ.”

“ಎಷ್ಟು ಮರಳು ತುಂಬಿದ್ರಿ?” ಎಂದಳು ಮತ್ತೆ.

ಇದಕ್ಕೆ ಮಾತ್ರ ದರ್ಜಿ ಜಾಣನಾದ. “ಸ್ವಲ್ಪ,” ಎಂದ.

ಇತ್ತ ಅಧಿಕಾರಿ ಸುಮ್ಮನೆ ಮನೆಗೆ ಹೋಗುವವರಲ್ಲ. ಗೊಂಬೆ ಬಿದ್ದದ್ದು ಗಂಟು ಸಡಿಲವಾಗಿಯೋ, ಕಾರು ಹತ್ತಿರ ಬಂದು ಸವಾರ ಬೆದರಿಯೋ ಎಂಬುದು ಇತ್ಯರ್ಥವಾಗಲೇಬೇಕು. “ಇನ್ನೊಂದ್ಸಲ ಓಡಿಸಿ ತೋರಿಸಿ,” ಎಂದರು. “ಅದೇ ಗೊಂಬೆ, ಅದೇ ಕಾರು, ಅದೇ ತಿರುವು. ನಾನು ಮುಂದೆ ನಿಂತು ನೋಡ್ತೀನಿ.”

ದರ್ಜಿ ಸೈಕಲ್ಲು ಹಿಡಿದು ಏರಿನ ಮೇಲೆ ನಿಂತ. ಕಾರು ಹಿಂದೆ ಸರಿದು ತನ್ನ ಜಾಗ ಹಿಡಿಯಿತು. ಭಾವ ಗೊಂಬೆಯನ್ನು ಕಂಕುಳಲ್ಲಿ ಎತ್ತಿ ತಂದರು. ಅರ್ಧ ದಾರಿಯಲ್ಲಿ ಅದರ ಒಂದು ಕಾಲು ಕಳಚಿ ಗಿರಾಕಿಯ ಕೈಗೆ ಬಂತು. ಅದನ್ನು ಎಲ್ಲಿಗೆ ಸಿಕ್ಕಿಸಬೇಕೆಂದು ಮೂವರು ಗಂಡಸರು ಚರ್ಚಿಸುತ್ತಿರುವಾಗ ಹೆಂಡತಿ ಗೊಂಬೆಯ ಕೋಟು ಬಿಚ್ಚಿದಳು, ತಾನು ತೊಟ್ಟಳು, ಗುಂಡಿ ಹಾಕಿಕೊಂಡಳು. ಬೆನ್ನಲ್ಲಿ ಒಂದೂ ನೆರಿಗೆ ಬೀಳಲಿಲ್ಲ. ಕ್ಯಾರಿಯರ್ ಮೇಲೆ ಒಂದು ಬದಿಗೆ ಕೂತಳು. ಗಂಡನ ಸೊಂಟ ಸುತ್ತಿ ಕೈ ಕಟ್ಟಿದಳು.

“ನಡೀರಿ,” ಎಂದಳು.

ದರ್ಜಿ ಪೆಡಲ್ಲು ತುಳಿದ. ಅಂದಾಜಿಗಿಂತ ಎಷ್ಟೋ ಹೆಚ್ಚು ಮರಳು ಬೇಕಾಗಿತ್ತು. ಅದನ್ನು ಅವನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಸೈಕಲ್ಲು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಹೊರಟಿತು. ಅವನು ಉಸಿರು ಬಿಗಿಹಿಡಿದಿದ್ದ. ಹತ್ತು ಗಜಕ್ಕೆ ಬೆನ್ನ ಹಿಂದಿನಿಂದ ದನಿ ಬಂತು: “ಮಾತಾಡ್ರೀ.”

“ಬೇಡ. ಮಾತಾಡಿದ್ರೆ ನಂಗೆ ಗೊತ್ತಾಗಲ್ಲ.”

“ಪರ್ವಾಗಿಲ್ಲ. ನನ್ನ ಬಾಯಿ ಗೊಂಬೇದಲ್ಲ.”

“ಇದೀಯಾ?”

“ಇದೀನಿ.”

“ಕಾಲರ್ ಒಳಗೆ ಹಾಕೋ ಬಟ್ಟೆ ಇರುತ್ತಲ್ಲ... ಇದೀಯಾ?”

“ಇದೀನ್ರೀ. ಹೇಳಿ.”

ಹೀಗೆ ಅವರು ಇಳಿಜಾರಿಗೆ ಬಂದರು. ಹಿಂದೆ ಹನ್ನೆರಡಡಿ ಅಳತೆಯಿಟ್ಟು ಕಾರು, ಕಾರಿನ ಹಿಂದೆ ಎರಡು ಲಾರಿ, ಲಾರಿಗಳಿಗಿಂತ ಮೊದಲು ತಲುಪಬೇಕೆಂದು ಪಕ್ಕದಲ್ಲಿ ಓಡುವ ಭಾವ, ಒಂದು ಕಾಲು ಹಿಡಿದ ಗಿರಾಕಿ. ಸೈಕಲ್ಲು ಬಲಕ್ಕೆ ವಾಲಿದಾಗ ಕಾರು ನಿಧಾನಿಸಿತು. ನೆಟ್ಟಗಾದಾಗ ಮುಂದೆ ಬಂತು. ಭಾವ ಅದನ್ನು ನೋಡುತ್ತ ಓಡಿದರು. ಕೊನೆಗೆ ಕಾರಿನ ಕಿಟಕಿಯ ಹತ್ತಿರ ಬಾಗಿ, ಒಳಗೆ ಯಾರೂ ಇಲ್ಲದ ಸೀಟಿಗೆ, “ಹಾಗೇ, ಹಾಗೇ, ಅವಸರ ಬೇಡ,” ಎಂದದ್ದನ್ನು ಕ್ಷೌರಿಕ ಕೇಳಿಸಿಕೊಂಡ.

ಕೆಳಗೆ ಅಧಿಕಾರಿ ಎರಡೂ ಕೈ ಚಾಚಿ ರಸ್ತೆಯ ಮಧ್ಯೆ ನಿಂತಿದ್ದರು. ದರ್ಜಿ ಬ್ರೇಕು ಹಿಡಿದ. ಕಾರೂ ನಿಂತಿತು.

“ಇದೇನಮ್ಮಾ ಇದು!” ಎಂದರು ಅಧಿಕಾರಿ. “ಪರೀಕ್ಷೆಗೆ ಗೊಂಬೆ ಅಂತ ನಿಯಮದಲ್ಲಿದೆ. ಜೀವ ಇರೋರನ್ನ ಕೂರ್ಸೋ ಹಾಗಿಲ್ಲ. ಇಳೀರಿ.”

ಎಂಜಿನಿಯರಮ್ಮ ಕಾರಿನ ಬಾಗಿಲು ತೆರೆದಳು. ತಣ್ಣನೆಯ ಗಾಳಿ ಬಂತು. ಸೀಟು ಮಂಚದಷ್ಟು ಅಗಲ, ಕಾಲು ನೀಡಿ ಕೂರಬಹುದಿತ್ತು. “ಇದರಲ್ಲಿ ಬನ್ನಿ ಮೇಡಂ. ಇವತ್ತಷ್ಟೇ ಅಲ್ಲ. ದಿನಾ ಬೆಳಿಗ್ಗೆ ಮನೆ ಬಾಗಿಲಿಗೆ ಬರುತ್ತೆ, ಸಂಜೆ ನೀವು ಕೆಲಸ ಮಾಡೋ ಕಡೆ ಬರುತ್ತೆ. ನಮ್ಮ ಕಂಪನಿ ಕಡೆಯಿಂದ, ನೀವು ಸಾಕು ಅನ್ನೋವರೆಗೂ.”

“ಬೈಬೇಕು ಅನ್ಸಿದ್ರೆ ನಾನು ಮುಂದೆ ಕೂತ್ಕೋತೀನಿ ಕಣೇ,” ಎಂದರು ಏದುಸಿರು ಬಿಡುತ್ತ ಭಾವ. “ಹತ್ತು. ಮಂಡಿ ನೋಡ್ಕೋ.”

ದರ್ಜಿ ಆ ಸೀಟನ್ನು ನೋಡಿದ. ಹೊಲಿಗೆ ಚೆನ್ನಾಗಿತ್ತು. “ಹೋಗು,” ಎಂದ ಹಿಂದೆ ತಿರುಗದೆ. “ಅವ್ರು ಹೇಳೋದು ಸರಿ. ಅದಕ್ಕೆ ಹನ್ನೆರಡಡಿ ಗೊತ್ತು. ನಂಗೆ ಇನ್ನೂ ಸರಿಯಾಗಿ ಬರಲ್ಲ. ನಾನು ಬೇಕಾದ್ರೆ ಇನ್ನೊಂದ್ ವಾರ ಗೊಂಬೆ ಜೊತೆ ಕಲೀತೀನಿ. ಇಳಿ.”

ಅವನ ಸೊಂಟದ ಸುತ್ತ ಕಟ್ಟಿದ ಕೈಗಳು ಸಡಿಲವಾಗಲಿಲ್ಲ.

“ಇಳಿಯಲ್ಲ,” ಎಂದಳು ಹೆಂಡತಿ.